ಟಾಲ್ಕಂ ಪೌಡರ್ ಹಚ್ಚಿಕೊಳ್ಳಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಪೌಡರ್ ಹಚ್ಚಿಕೊಂಡರೆ ಕ್ಯಾನ್ಸರ್ ಬರುತ್ತದಂತೆ, ಹೌದಾ?

ಎಲ್ಲಿಗೆ ಹಚ್ಚುತ್ತೀರಿ, ಯಾರಿಗೆ ಹಚ್ಚುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ದೊಡ್ಡವರು ಸ್ನಾನವಾದ ಮೇಲೆ ಕುತ್ತಿಗೆಗೆ, ಬೆನ್ನಿಗೆ ಒಂದಿಷ್ಟು ಸವರಿಕೊಂಡರೆ ಕ್ಯಾನ್ಸರ್ ಬರುತ್ತದೆ ಎನ್ನುವುದಕ್ಕೆ ಪುರಾವೆ ಇಲ್ಲ. ಹೆಂಗಸರು ಜನನಾಂಗದ ಭಾಗಕ್ಕೆ ವರ್ಷಗಟ್ಟಲೆ ಹಾಕಿಕೊಳ್ಳುವುದರ ಬಗ್ಗೆ ಅನುಮಾನವಿದೆ, ಅದು ಪೂರ್ತಿ ಬಗೆಹರಿದಿಲ್ಲ. ಎಳೆಮಗುವಿನ ಮೂಗಿನ ಹತ್ತಿರ ಪೌಡರ್ ಡಬ್ಬಿ ಕೊಡವುವುದು ಮಾತ್ರ ಖಂಡಿತ ಅಪಾಯ. ವಿಚಿತ್ರವೆಂದರೆ ವಾಟ್ಸಾಪಿನಲ್ಲಿ ಓಡಾಡುವ ಎಚ್ಚರಿಕೆಗಳಲ್ಲಿ ಮೊದಲ ಎರಡರ ಗದ್ದಲವೇ ಹೆಚ್ಚು, ಮೂರನೆಯದರ ಸುದ್ದಿಯೇ ಇರುವುದಿಲ್ಲ.

ಟಾಲ್ಕ್ ಅಂದರೆ ಏನು? ಕೆಮಿಕಲ್ಲಾ?

ಕಲ್ಲು. ಭೂಮಿಯಿಂದ ಅಗೆದು, ನುಣ್ಣಗೆ ಪುಡಿ ಮಾಡಿದ ಖನಿಜ. ಮೆಗ್ನೀಸಿಯಂ, ಸಿಲಿಕಾನ್, ಆಮ್ಲಜನಕ, ಜಲಜನಕ ಸೇರಿ ಆದದ್ದು. ಖನಿಜಗಳ ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಇದಕ್ಕೆ 1ನೇ ಸ್ಥಾನ, ಅಂದರೆ ಎಲ್ಲಕ್ಕಿಂತ ಮೆದು, ಉಗುರಿನಿಂದ ಗೀರಬಹುದು. ನಮ್ಮ ಬಳಪದ ಕಲ್ಲು ಇದರದೇ ಬಳಗದ್ದು. ಬೇಲೂರು, ಹಳೇಬೀಡಿನ ಶಿಲ್ಪಿಗಳು ಕೂದಲೆಳೆಯಷ್ಟು ಸಣ್ಣ ಕುಸುರಿ ಬಿಡಿಸಲು ಸಾಧ್ಯವಾದದ್ದು ಇಂಥ ಮೆದು ಕಲ್ಲು ಕೈಗೆ ಸಿಕ್ಕಿದ್ದರಿಂದ. ಭಾರತದಲ್ಲಿ ಟಾಲ್ಕ್ ಗಣಿಗಾರಿಕೆ ಹೆಚ್ಚಾಗಿ ನಡೆಯುವುದು ರಾಜಸ್ಥಾನ ಮತ್ತು ಉತ್ತರಾಖಂಡದಲ್ಲಿ.

ಇದರ ಕಣಗಳು ತೆಳು ಹಾಳೆಗಳಂತೆ ಒಂದರ ಮೇಲೊಂದು ಜಾರುತ್ತವೆ. ಚರ್ಮಕ್ಕೆ ಹಚ್ಚಿದಾಗ ನುಣುಪೆನಿಸುವುದು ಅದರಿಂದಲೇ. ಪಂಕ್ಚರ್ ಅಂಗಡಿಯವರು ಟ್ಯೂಬಿಗೆ ಸವರುವ ಫ್ರೆಂಚ್ ಚಾಕ್ ಕೂಡ ಇದೇ ಟಾಲ್ಕ್, ಪರಿಮಳ ಮಾತ್ರ ಇಲ್ಲ.

ಕಲ್ಲಿನ ಪುಡಿಗೂ ಕ್ಯಾನ್ಸರಿಗೂ ಎಲ್ಲಿಂದೆಲ್ಲಿಗೆ ಸಂಬಂಧ?

ಇಲ್ಲಿ ಎರಡು ಬೇರೆ ಬೇರೆ ದೂರುಗಳಿವೆ. ಸುದ್ದಿವಾಹಿನಿಗಳು ಎರಡನ್ನೂ ಕಲಸಿ ಹೇಳುವುದರಿಂದ ಗೊಂದಲ.

ಮೊದಲನೆಯದು ಆಸ್ಬೆಸ್ಟಾಸ್. ಟಾಲ್ಕ್ ಹುಟ್ಟುವಂಥ ಬಂಡೆಗಳಲ್ಲೇ ಕೆಲವು ಕಡೆ ಆಸ್ಬೆಸ್ಟಾಸ್ ಜಾತಿಯ ನಾರು ಖನಿಜಗಳೂ ಹುಟ್ಟುತ್ತವೆ: ಟ್ರೆಮೊಲೈಟ್, ಆಂಥೊಫಿಲೈಟ್, ಕ್ರೈಸೊಟೈಲ್. ಗಣಿಯನ್ನು ಸರಿಯಾಗಿ ಆರಿಸದಿದ್ದರೆ, ಅಗೆದದ್ದನ್ನು ಪರೀಕ್ಷಿಸದಿದ್ದರೆ, ಟಾಲ್ಕ್ ಜೊತೆ ಅವೂ ಡಬ್ಬಿ ಸೇರಬಹುದು. ಆಸ್ಬೆಸ್ಟಾಸ್ ಕ್ಯಾನ್ಸರ್ ತರುತ್ತದೆ ಎನ್ನುವುದರಲ್ಲಿ ಯಾವ ವಿಜ್ಞಾನಿಗೂ ಅನುಮಾನವಿಲ್ಲ. ಶ್ವಾಸಕೋಶ, ಅಂಡಾಶಯ, ಗಂಟಲಿನ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಅಲ್ಲದೆ, ಶ್ವಾಸಕೋಶವನ್ನು ಸುತ್ತಿಕೊಂಡ ಪೊರೆಗೆ ಬರುವ ಮೀಸೋಥೀಲಿಯೋಮ ಎಂಬ ಕ್ರೂರ ಕಾಯಿಲೆಗೂ ಅದೇ ಮುಖ್ಯ ಕಾರಣ. ಉಸಿರಿನಲ್ಲಿ ಒಳಹೋದ ನಾರು 30–40 ವರ್ಷ ಸುಮ್ಮನಿದ್ದು ಆಮೇಲೆ ಕಾಯಿಲೆ ತರಬಹುದು.

ಎರಡನೆಯದು, ಆಸ್ಬೆಸ್ಟಾಸ್ ಒಂದಿಷ್ಟೂ ಇಲ್ಲದ ಶುದ್ಧ ಟಾಲ್ಕ್ ತಾನೇ ಹಾನಿ ಮಾಡುತ್ತದೆಯೇ ಎಂಬುದು. ಜಗಳ ಇರುವುದು ಇಲ್ಲಿ.

ಶುದ್ಧ ಟಾಲ್ಕ್ ಬಗ್ಗೆ ಅಧ್ಯಯನಗಳು ಏನು ಹೇಳುತ್ತವೆ?

1971ರಲ್ಲಿ ಬ್ರಿಟನ್ನಿನ ವೈದ್ಯರು ಅಂಡಾಶಯದ ಗೆಡ್ಡೆಗಳಲ್ಲಿ ಟಾಲ್ಕ್ ಕಣಗಳು ಹುದುಗಿದ್ದನ್ನು ಕಂಡರು. ಹೊರಗೆ ಹಾಕಿದ ಪುಡಿ ಯೋನಿ, ಗರ್ಭಕೋಶ, ಅಂಡನಾಳಗಳ ಮೂಲಕ ಮೇಲೇರಿ ಅಂಡಾಶಯದವರೆಗೆ ಹೋಗಬಹುದು, ಅಲ್ಲಿ ದೀರ್ಘಕಾಲದ ಉರಿಯೂತ ಉಂಟುಮಾಡಬಹುದು ಎಂಬ ಊಹೆ ಹುಟ್ಟಿದ್ದು ಹೀಗೆ. 1982ರಲ್ಲಿ ಅಮೆರಿಕದ ಡೇನಿಯಲ್ ಕ್ರೇಮರ್ ಮತ್ತು ಸಂಗಡಿಗರು, ಜನನಾಂಗದ ಭಾಗಕ್ಕೆ ಪೌಡರ್ ಬಳಸುವ ಹೆಂಗಸರಲ್ಲಿ ಅಂಡಾಶಯದ ಕ್ಯಾನ್ಸರ್ ಸುಮಾರು ಎರಡು ಪಟ್ಟು ಎಂದು ವರದಿ ಮಾಡಿದರು. ಆಮೇಲೆ ಇದೇ ಬಗೆಯ ಎಷ್ಟೋ ಅಧ್ಯಯನ ನಡೆದವು. ಎಂಟು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಲೆಕ್ಕ ಹಾಕಿದಾಗ ಹೆಚ್ಚಳ ಸುಮಾರು ಶೇ 24 ಎಂದು ಬಂತು.

ಇವುಗಳಿಗೆಲ್ಲ ಒಂದು ದೌರ್ಬಲ್ಯವಿದೆ. ಕಾಯಿಲೆ ಬಂದ ಮೇಲೆ ಹೋಗಿ, ‘ನೀವು ಹಿಂದೆ ಪೌಡರ್ ಹಾಕಿಕೊಳ್ಳುತ್ತಿದ್ದಿರಾ?’ ಎಂದು ಕೇಳುವ ಪದ್ಧತಿ ಅದು. ಕ್ಯಾನ್ಸರ್ ಬಂದವರು ಕಾರಣಕ್ಕಾಗಿ ನೆನಪನ್ನೆಲ್ಲ ಜಾಲಾಡಿರುತ್ತಾರೆ. ಆರೋಗ್ಯವಾಗಿರುವವರು ‘ಇಲ್ಲಪ್ಪ, ನೆನಪಿಲ್ಲ’ ಎಂದು ಮುಂದೆ ಹೋಗುತ್ತಾರೆ. ಹಾಗಾಗಿ ಮೊದಲೇ ಕೇಳಿ ಬರೆದಿಟ್ಟುಕೊಂಡು, ವರ್ಷಗಟ್ಟಲೆ ಕಾದು ನೋಡುವ ಅಧ್ಯಯನಕ್ಕೆ ಬೆಲೆ ಹೆಚ್ಚು. ಅಂಥ ನಾಲ್ಕನ್ನು ಸೇರಿಸಿ, ಅಮೆರಿಕದ 2,52,745 ಹೆಂಗಸರ ಮಾಹಿತಿಯನ್ನು 2020ರ ಜನವರಿಯಲ್ಲಿ ಪ್ರಕಟಿಸಿದರು. ಪೌಡರ್ ಬಳಸಿದವರಲ್ಲಿ ವರ್ಷಕ್ಕೆ ಲಕ್ಷಕ್ಕೆ 61 ಮಂದಿಗೆ ಅಂಡಾಶಯದ ಕ್ಯಾನ್ಸರ್ ಬಂದಿತ್ತು, ಬಳಸದವರಲ್ಲಿ 55 ಮಂದಿಗೆ. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕದು ಎಂದು ಲೆಕ್ಕ ಹೇಳಿತು. ಗರ್ಭಕೋಶ ತೆಗೆಸದ, ನಾಳ ಕಟ್ಟಿಸಿಕೊಳ್ಳದ ಹೆಂಗಸರನ್ನಷ್ಟೇ ನೋಡಿದಾಗ ಹೆಚ್ಚಳ ಶೇ 13 ಆಯಿತು. ಪುಡಿ ಮೇಲೇರುವ ದಾರಿ ತೆರೆದಿರುವವರಲ್ಲೇ ಸಂಬಂಧ ಕಂಡಿತು ಎನ್ನುವುದನ್ನು ನಾನಂತೂ ಸುಲಭವಾಗಿ ತಳ್ಳಿಹಾಕಲಾರೆ.

2024ರಲ್ಲಿ ಸ್ತನ ಕ್ಯಾನ್ಸರ್ ಬಂದವರ ಅಕ್ಕತಂಗಿಯರನ್ನು ವರ್ಷಗಟ್ಟಲೆ ಗಮನಿಸುವ ಅಮೆರಿಕದ ‘ಸಿಸ್ಟರ್ ಸ್ಟಡಿ’ಯ ಮಾಹಿತಿಯನ್ನು, ನೆನಪಿನ ತಪ್ಪುಗಳಿಗೆ ಹೊಂದಾಣಿಕೆ ಮಾಡಿ ಮತ್ತೆ ಪರಿಶೀಲಿಸಿದಾಗಲೂ ಸಂಬಂಧ ಉಳಿದುಕೊಂಡಿತು. ಆದ್ದರಿಂದ ನನ್ನ ತೀರ್ಮಾನ: ಅಪಾಯ ಇದ್ದರೆ ಚಿಕ್ಕದು; ಇಲ್ಲವೆಂದು ಹೇಳುವ ಧೈರ್ಯ ಸಾಲದು; ಅಲ್ಲಿಗೆ ಹಾಕಿಕೊಳ್ಳುವುದರಿಂದ ಸಿಗುವ ಲಾಭವಂತೂ ಏನೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯೇ ಟಾಲ್ಕನ್ನು ಕ್ಯಾನ್ಸರ್ ಪಟ್ಟಿಗೆ ಸೇರಿಸಿದೆಯಲ್ಲ?

ಸೇರಿಸಿದ್ದು ಅದರ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಐಎಆರ್‌ಸಿ. ಫ್ರಾನ್ಸಿನ ಲಿಯಾನ್ ನಗರದಲ್ಲಿ 13 ದೇಶಗಳ 29 ತಜ್ಞರು ಸೇರಿ ತೆಗೆದುಕೊಂಡ ನಿರ್ಣಯವನ್ನು 2024ರ ಜುಲೈನಲ್ಲಿ ಪ್ರಕಟಿಸಿತು: ಟಾಲ್ಕ್ ಈಗ 2ಎ ಗುಂಪಿನಲ್ಲಿದೆ, ಅಂದರೆ ‘ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಹೆಚ್ಚು’. ಅದಕ್ಕೆ ಮೊದಲು ಜನನಾಂಗಕ್ಕೆ ಹಾಕುವ ಪೌಡರ್ ಒಂದು ಮೆಟ್ಟಿಲು ಕೆಳಗೆ, 2ಬಿ ಗುಂಪಿನಲ್ಲಿತ್ತು. ಆಸ್ಬೆಸ್ಟಾಸ್ ಇರುವುದು 1ನೇ ಗುಂಪಿನಲ್ಲಿ.

ಈ ಗುಂಪುಗಳನ್ನು ಓದುವಾಗ ಎಡವುವವರೇ ಹೆಚ್ಚು. ಒಂದು ವಸ್ತು ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಪುರಾವೆ ಎಷ್ಟು ಗಟ್ಟಿ ಎಂದಷ್ಟೇ ಅವು ಹೇಳುತ್ತವೆ. ಎಷ್ಟು ಜನರಿಗೆ ತರುತ್ತದೆ ಎಂದು ಹೇಳುವುದಿಲ್ಲ. ಕುರಿ, ಹಂದಿ, ದನದ ಮಾಂಸವೂ 2ಎ ಗುಂಪಿನಲ್ಲೇ ಇದೆ. ರಾತ್ರಿ ಪಾಳಿ ಕೆಲಸವೂ, 65 ಡಿಗ್ರಿಗಿಂತ ಬಿಸಿಯಾಗಿ ಕುಡಿಯುವ ಕಾಫಿ-ಟೀಯೂ ಅಲ್ಲೇ. ಟಾಲ್ಕ್ ವಿಷಯದಲ್ಲಿ ತಜ್ಞರು ಹೇಳಿದ್ದು: ಮನುಷ್ಯರಲ್ಲಿ ಸೀಮಿತ ಪುರಾವೆ, ಅದೂ ಅಂಡಾಶಯಕ್ಕೆ ಮಾತ್ರ, ಪ್ರಯೋಗದ ಪ್ರಾಣಿಗಳಲ್ಲಿ ಸಾಕಷ್ಟು ಪುರಾವೆ, ಮನುಷ್ಯರ ಜೀವಕೋಶಗಳ ಮೇಲೆ ಮಾಡಿದ ಪ್ರಯೋಗಗಳಲ್ಲೂ ಬಲವಾದ ಸುಳಿವು.

ಜಾನ್ಸನ್ ಕಂಪನಿ ಬೇಬಿ ಪೌಡರನ್ನೇ ನಿಲ್ಲಿಸಿತಲ್ಲ? ತಪ್ಪಿಲ್ಲದಿದ್ದರೆ ಯಾಕೆ ನಿಲ್ಲಿಸಬೇಕಿತ್ತು?

ಪೌಡರ್ ನಿಂತಿಲ್ಲ, ಅದರೊಳಗಿನ ಟಾಲ್ಕ್ ನಿಂತಿದೆ. 1894ರಿಂದ ಮಾರುತ್ತಿದ್ದ ಟಾಲ್ಕ್ ಬೇಬಿ ಪೌಡರನ್ನು ಜಾನ್ಸನ್ ಅಂಡ್ ಜಾನ್ಸನ್ 2020ರಲ್ಲಿ ಅಮೆರಿಕ, ಕೆನಡಾಗಳಲ್ಲಿ ನಿಲ್ಲಿಸಿತು. 2023ರಿಂದ ಜಗತ್ತಿನಾದ್ಯಂತ ಮೆಕ್ಕೆಜೋಳದ ಪಿಷ್ಟಕ್ಕೆ ಬದಲಾಯಿಸುವುದಾಗಿ 2022ರ ಆಗಸ್ಟ್‌ನಲ್ಲಿ ಘೋಷಿಸಿತು. ತನ್ನ ಪೌಡರ್ ಸುರಕ್ಷಿತ, ಅದರಲ್ಲಿ ಆಸ್ಬೆಸ್ಟಾಸ್ ಇರಲಿಲ್ಲ ಎಂಬ ವಾದವನ್ನು ಮಾತ್ರ ಬಿಟ್ಟಿಲ್ಲ.

ಹಿನ್ನೆಲೆಯಲ್ಲಿ ಇದ್ದದ್ದು ಹತ್ತಾರು ಸಾವಿರ ಮೊಕದ್ದಮೆಗಳು. 2018ರ ಜುಲೈನಲ್ಲಿ ಸೇಂಟ್ ಲೂಯಿಸ್ ನಗರದ ಜ್ಯೂರಿ 22 ಹೆಂಗಸರಿಗೆ 469 ಕೋಟಿ ಡಾಲರ್ ಪರಿಹಾರ ಕೊಡಿ ಎಂದಿತು. ಮೇಲ್ಮನವಿಯಲ್ಲಿ ಅದು 212 ಕೋಟಿಗೆ ಇಳಿಯಿತು. 2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೈ ಹಾಕಲು ಒಪ್ಪಲಿಲ್ಲ. 1971ರಿಂದ 2000ದ ದಶಕದ ಆರಂಭದವರೆಗೆ ಕಂಪನಿಯ ಕೆಲವು ಪರೀಕ್ಷೆಗಳಲ್ಲಿ ಸಣ್ಣ ಪ್ರಮಾಣದ ಆಸ್ಬೆಸ್ಟಾಸ್ ಕಂಡಿತ್ತು ಎಂದು ರಾಯಿಟರ್ಸ್ ಸುದ್ದಿಸಂಸ್ಥೆ 2018ರ ಡಿಸೆಂಬರಿನಲ್ಲಿ ದಾಖಲೆ ಸಮೇತ ಬರೆಯಿತು. 2019ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಂದು ಡಬ್ಬಿಯಲ್ಲಿ ಕ್ರೈಸೊಟೈಲ್ ಅಂಶ ಕಂಡಾಗ ಕಂಪನಿ ಸುಮಾರು 33,000 ಡಬ್ಬಿ ವಾಪಸ್ ಪಡೆಯಿತು.

ಕೋರ್ಟಿನ ತೀರ್ಪನ್ನು ವಿಜ್ಞಾನದ ತೀರ್ಪು ಎಂದುಕೊಳ್ಳಬೇಡಿ. ಒಬ್ಬ ರೋಗಿಯ ಕ್ಯಾನ್ಸರಿಗೆ ಪೌಡರೇ ಕಾರಣವೆಂದು ಯಾವ ಪ್ರಯೋಗಾಲಯವೂ ಖಡಾಖಂಡಿತ ಹೇಳಲಾಗದು. ಆದರೆ ಗೊತ್ತಿದ್ದದ್ದನ್ನು ಗ್ರಾಹಕರಿಗೆ ಹೇಳಿದಿರಾ ಎಂಬ ಪ್ರಶ್ನೆಯನ್ನು ಕೋರ್ಟು ಕೇಳಬಹುದು. ಅದು ಕೇಳಬೇಕಾದ ಪ್ರಶ್ನೆಯೇ.

ನಮ್ಮ ದೇಶದಲ್ಲಿ ಸಿಗುವ ಪೌಡರ್‌ಗಳ ಕಥೆ?

ಟಾಲ್ಕ್ ಪೌಡರ್‌ಗೆ ಇಲ್ಲಿ ನಿಷೇಧವಿಲ್ಲ. 2020ರ ಸೌಂದರ್ಯವರ್ಧಕ ನಿಯಮಗಳ ಕೆಳಗೆ ಇವು ಬರುತ್ತವೆ. ಮೈಗೆ ಹಚ್ಚುವ ಪೌಡರ್‌ಗೆ ಐಎಸ್ 3959, ಮಕ್ಕಳ ಪೌಡರ್‌ಗೆ ಐಎಸ್ 5339 ಎಂಬ ಭಾರತೀಯ ಮಾನಕಗಳಿವೆ. ನಮ್ಮ ಮೈಸೂರು ಸ್ಯಾಂಡಲ್‌ನಿಂದ ಹಿಡಿದು ಬೇರೆಲ್ಲ ಕಂಪನಿಗಳವರೆಗೆ ಕಾನೂನು ಒಂದೇ.

ಮಹಾರಾಷ್ಟ್ರ ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ಜಾನ್ಸನ್‌ನ ಮುಲುಂದ್ ಕಾರ್ಖಾನೆಯ ಬೇಬಿ ಪೌಡರ್ ಪರವಾನಗಿ ರದ್ದು ಮಾಡಿದ್ದು ನಿಮಗೆ ನೆನಪಿರಬಹುದು. ‘ಭಾರತದಲ್ಲೂ ಕ್ಯಾನ್ಸರ್ ಪೌಡರ್ ಸಿಕ್ಕಿಬಿತ್ತು’ ಎಂದು ಹಬ್ಬಿದ ಸುದ್ದಿ ತಪ್ಪು. ಅಲ್ಲಿದ್ದ ತಕರಾರು ಪಿಎಚ್ ಮಟ್ಟದ್ದು (ಆಮ್ಲ-ಕ್ಷಾರದ ಅಳತೆ), ಪುಣೆ ಮತ್ತು ನಾಸಿಕ್‌ನಿಂದ ತೆಗೆದ ಮಾದರಿಗಳಲ್ಲಿ ಅದು ಮಿತಿ ಮೀರಿತ್ತು. 2023ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು.

ಮಗುವಿಗೆ ಪೌಡರ್ ಹಾಕಬಹುದೇ?

ಬೇಡ. ಇದೊಂದರಲ್ಲಿ ಅಳೆದು ಸುರಿದು ಹೇಳುವ ಅಗತ್ಯವಿಲ್ಲ.

ಕ್ಯಾನ್ಸರ್ ಇಲ್ಲಿ ಮುಖ್ಯ ಪ್ರಶ್ನೆಯೇ ಅಲ್ಲ, ಉಸಿರು ಮುಖ್ಯ. ಟಾಲ್ಕ್ ನೀರಿನಲ್ಲಿ ಕರಗುವುದಿಲ್ಲ. ಎಳೆಯ ಶ್ವಾಸನಾಳದೊಳಗೆ ಹೋದರೆ ಅಲ್ಲಿನ ಒದ್ದೆಯನ್ನು ಹೀರಿ ಮೆತ್ತಿಕೊಳ್ಳುತ್ತದೆ, ದಾರಿ ಕಟ್ಟುತ್ತದೆ, ಉರಿಯೂತ ತರುತ್ತದೆ. ಪೌಡರ್ ಒಳಗೆಳೆದುಕೊಂಡು ಕಂದಮ್ಮಗಳು ತೀರಿಕೊಂಡ ಪ್ರಕರಣಗಳು ದಶಕಗಳಿಂದ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗುತ್ತ ಬಂದಿವೆ. ಅಮೆರಿಕದ ಮಕ್ಕಳ ವೈದ್ಯರ ಸಂಘ ಬೇಬಿ ಪೌಡರ್ ಬೇಡವೆಂದೇ ಹೇಳುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಪೌಡರ್ ಮೇಲೆ ‘ಮೂಗು, ಬಾಯಿಯಿಂದ ದೂರವಿಡಿ’ ಎಂದು ಬರೆಯುವುದನ್ನು ಯುರೋಪ್ ಕಡ್ಡಾಯ ಮಾಡಿದೆ.

ಹೆಣ್ಣುಮಗುವಿಗೆ ಡೈಪರ್ ಜಾಗಕ್ಕೆ ಹಾಕುವುದಂತೂ ಬೇಡವೇ ಬೇಡ. ಡೈಪರ್ ಬದಲಿಸುವಾಗ ತೊಳೆದು, ಒತ್ತಿ ಒರೆಸಿ, ಐದು ನಿಮಿಷ ಗಾಳಿಯಾಡಲು ಬಿಡಿ. ಕೆಂಪಾಗಿದ್ದರೆ ಜಿಂಕ್ ಆಕ್ಸೈಡ್ ಇರುವ ಮುಲಾಮು ತೆಳುವಾಗಿ ಹಚ್ಚಿ.

ಅತ್ತೆ ಒಪ್ಪುವುದಿಲ್ಲ. ‘ನಿನ್ನ ಗಂಡನಿಗೂ ಹಚ್ಚೇ ಬೆಳೆಸಿದ್ದು’ ಅನ್ನುತ್ತಾರೆ. ಏನು ಹೇಳಲಿ?

ಅವರ ಮಾತು ಸುಳ್ಳಲ್ಲ, ಬಹಳಷ್ಟು ಮಕ್ಕಳಿಗೆ ಏನೂ ಆಗಿಲ್ಲ. ಎಣ್ಣೆ-ನೀರು ಹಾಕಿ, ಮೈ ಒರೆಸಿ, ಪೌಡರ್ ಬಳಿದು, ಕಾಡಿಗೆ ಬೊಟ್ಟಿಟ್ಟು ಮಲಗಿಸುವುದು ನಮ್ಮಲ್ಲಿ ಎಷ್ಟೋ ಮನೆಗಳ ಸಂಭ್ರಮ. ಕ್ಯಾನ್ಸರ್ ವಾದ ಹೂಡಿದರೆ ನೀವು ಸೋಲುತ್ತೀರಿ. ‘ಅತ್ತೆ, ದೂಳು ಎದೆಗೆ ಹೋಗುತ್ತಂತೆ, ಡಾಕ್ಟರ್ ಬೇಡ ಅಂದಿದ್ದಾರೆ’ ಎಂದರೆ ಕೆಲಸ ಸುಲಭ. ದೂಳಿಗೆ ಮಗು ಕೆಮ್ಮುತ್ತದೆ ಎನ್ನುವುದು ಅವರಿಗೂ ಅನುಭವದಿಂದ ಗೊತ್ತಿರುವ ಸಂಗತಿ. ಮುಂದಿನ ಲಸಿಕೆಯ ದಿನ ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಹೇಳಿಸಿ.

ಎಷ್ಟು ಹೇಳಿದರೂ ಹಾಕಿಯೇ ತೀರುತ್ತಾರೆ ಅಂತಾದರೆ ಕನಿಷ್ಠ ಇಷ್ಟು ಕೇಳಿಕೊಳ್ಳಿ: ಮಗುವಿನ ಮೇಲೆ ಡಬ್ಬಿ ಕೊಡವುವುದು ಬೇಡ, ಪಫ್ ಬೇಡ, ಮುಖಕ್ಕೆ ಬೇಡ, ಫ್ಯಾನ್ ಆರಿಸಿ, ದೂರ ನಿಂತು ಅಂಗೈಗೆ ಚಿಟಿಕೆ ಹಾಕಿಕೊಂಡು ಉಜ್ಜಿ ಬೆನ್ನಿಗೆ ಸವರಲಿ.

ಮಗು ಡಬ್ಬಿಯನ್ನು ಬಾಯಿಗೆ ಸುರಿದುಕೊಂಡುಬಿಟ್ಟರೆ?

ಬಾಯಿ, ಮೂಗಿನ ಸುತ್ತ ಒದ್ದೆ ಬಟ್ಟೆಯಿಂದ ಒರೆಸಿ. ವಾಂತಿ ಮಾಡಿಸಬೇಡಿ. ಕೆಮ್ಮು, ಗೊರಗೊರ ಸದ್ದು, ಉಸಿರಿಗೆ ಕಷ್ಟ, ತುಟಿ ನೀಲಿಗಟ್ಟುವುದು ಕಂಡರೆ ಕಾಯದೆ 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಓಡಿ. ಪೌಡರ್ ಒಳಗೆಳೆದುಕೊಂಡಿದ್ದರೆ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು. ಮಗು ಅತ್ತು ಸುಮ್ಮನಾಯಿತು ಎಂದು ಸಮಾಧಾನ ಪಡದೆ ಅಂದೇ ವೈದ್ಯರಿಗೆ ತೋರಿಸಿ, ಡಬ್ಬಿಯನ್ನೂ ತೆಗೆದುಕೊಂಡು ಹೋಗಿ.

ನಾನು ಮುಖಕ್ಕೆ, ಕಂಕುಳಿಗೆ ಮಾತ್ರ ಹಚ್ಚುತ್ತೇನೆ. ನಿಲ್ಲಿಸಬೇಕೇ?

ಅದಕ್ಕಾಗಿ ನಿದ್ದೆಗೆಡುವ ಅಗತ್ಯವಿಲ್ಲ. ಟಾಲ್ಕ್ ಗಾಯವಿಲ್ಲದ ಚರ್ಮವನ್ನು ದಾಟಿ ಒಳಹೋಗುವುದಿಲ್ಲ. ದೂಳೆಬ್ಬಿಸಬೇಡಿ; ಬಚ್ಚಲಮನೆಯ ಬಾಗಿಲು ಮುಚ್ಚಿ ಬಿಳಿ ಮೋಡ ಎಬ್ಬಿಸುವ ಅಭ್ಯಾಸವಿದ್ದರೆ ಬಿಡಿ. ಆಸ್ತಮಾ ಇರುವವರು ಪೌಡರ್ ಸಹವಾಸಕ್ಕೆ ಹೋಗದಿರುವುದೇ ಮೇಲು. ಒಡೆದ, ತರಚಿದ ಚರ್ಮಕ್ಕೆ ಹಾಕಬೇಡಿ.

ತೊಡೆ ಸಂದಿಯ ಬೆವರಿಗೆ, ಮುಟ್ಟಿನ ದಿನಗಳಲ್ಲಿ ಪ್ಯಾಡ್ ಮೇಲೆ?

ಹೆಂಗಸರು ಇದನ್ನು ಬಿಡುವುದು ಒಳ್ಳೆಯದು. ಮೇಲೆ ಹೇಳಿದ ಅಧ್ಯಯನಗಳೆಲ್ಲ ಇದರ ಬಗ್ಗೆಯೇ. ಪ್ಯಾಡ್, ಒಳಉಡುಪುಗಳಿಗೂ ಉದುರಿಸಬೇಡಿ. ವಾಸನೆ, ತುರಿಕೆ, ಬಿಳಿಸೆರಗು ಇದ್ದರೆ ಅದನ್ನು ಪರಿಮಳದಲ್ಲಿ ಮುಚ್ಚುವುದಕ್ಕಿಂತ ವೈದ್ಯರಿಗೆ ಹೇಳಿ. ನಾಚಿಕೆಯಿಂದ ಪೌಡರ್ ಹಾಕಿಕೊಂಡು ವರ್ಷಗಟ್ಟಲೆ ಸೋಂಕು ಹೊತ್ತು ತಿರುಗುವವರು ಬಹಳ. ತೊಡೆ ಉಜ್ಜಿ ಕೆಂಪಾಗುವುದಿದ್ದರೆ ಹತ್ತಿಯ ಉದ್ದ ಒಳಚಡ್ಡಿ, ಇಲ್ಲವೇ ತೆಳುವಾಗಿ ವ್ಯಾಸಲೀನ್ ಸಾಕು.

ಗಂಡಸರಿಗೆ?

ಅಂಡಾಶಯದ ಪ್ರಶ್ನೆಯೇ ಇಲ್ಲ. ದೂಳಿನ ಎಚ್ಚರಿಕೆ ಮಾತ್ರ. ತೊಡೆ ಸಂದಿಯಲ್ಲಿ ಉಂಗುರದಂತೆ ಹಬ್ಬುವ ತುರಿಕೆ ಗಜಕರ್ಣವಿರಬಹುದು, ಅದು ಸಾದಾ ಪೌಡರ್‌ನಿಂದ ವಾಸಿಯಾಗದು.

ಇಪ್ಪತ್ತು ವರ್ಷ ಹಾಗೆಯೇ ಹಾಕಿಕೊಂಡಿದ್ದೇನೆ. ಈಗ ಏನು ಟೆಸ್ಟ್ ಮಾಡಿಸಲಿ?

ಭಯ ಬೇಡ. ಅಧ್ಯಯನದ ಅಂಕಿಗಳನ್ನು ಮತ್ತೊಮ್ಮೆ ನೋಡಿ: ಲಕ್ಷಕ್ಕೆ 55 ಎದುರು 61. ಬಳಸಿದವರಲ್ಲಿ ಬಹುತೇಕ ಎಲ್ಲರೂ ಆರೋಗ್ಯವಾಗಿಯೇ ಇದ್ದರು. ಲಕ್ಷಣವಿಲ್ಲದ ಸಾಮಾನ್ಯ ಹೆಂಗಸರಿಗೆ ಅಂಡಾಶಯದ ಕ್ಯಾನ್ಸರ್ ಮುಂಚೆಯೇ ಪತ್ತೆಹಚ್ಚುವ ಭರವಸೆಯ ಪರೀಕ್ಷೆ ಇನ್ನೂ ಇಲ್ಲ. ‘ಸಿಎ 125’ ರಕ್ತಪರೀಕ್ಷೆಯನ್ನು ಸುಮ್ಮನೆ ಮಾಡಿಸಿದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪೊರೆಯಂಥದ್ದು ಹೊರಗೆ ಬೆಳೆಯುವ ಕಾಯಿಲೆ), ಗರ್ಭಕೋಶದ ಗಡ್ಡೆ, ಮುಟ್ಟಿನ ದಿನಗಳು, ಇವುಗಳಿಂದಲೂ ಅಂಕಿ ಏರಿ ಇಲ್ಲದ ಗಾಬರಿ ತರುತ್ತದೆ.

ಲಕ್ಷಣಗಳ ಮೇಲೆ ಕಣ್ಣಿಡಿ. ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರ. ಇವು ಹೊಸದಾಗಿ ಶುರುವಾಗಿ ಎರಡು ಮೂರು ವಾರವಾದರೂ ಹೋಗದಿದ್ದರೆ ‘ಗ್ಯಾಸ್’ ಎಂದು ಜೀರಿಗೆ ಕಷಾಯ ಕುಡಿದು ಸುಮ್ಮನಾಗದೆ ಸ್ತ್ರೀರೋಗ ತಜ್ಞರನ್ನು ಕಾಣಿ. ತಾಯಿಗೋ ಅಕ್ಕತಂಗಿಗೋ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಅದನ್ನು ತಪ್ಪದೆ ಹೇಳಿ. ಆ ವಂಶವಾಹಿ ಅಪಾಯದ ಮುಂದೆ ಪೌಡರ್ ಅಪಾಯ ಏನೂ ಅಲ್ಲ.

ಬೆವರುಸಾಲೆಗೆ ಪೌಡರ್ ಒಳ್ಳೆಯದಲ್ಲವೇ?

ಬೆವರಿನ ನಾಳ ಕಟ್ಟಿಕೊಂಡಾಗ ಬೆವರುಸಾಲೆ ಏಳುತ್ತದೆ. ತಂಪು ಪೌಡರ್ ಹಾಕಿದ ಕೂಡಲೇ ಹಾಯೆನಿಸುವುದು ಅದರಲ್ಲಿರುವ ಮೆಂಥಾಲ್ ಮಹಿಮೆ. ಬೆವರಿನ ಮೇಲೆಯೇ ಹಾಕಿದರೆ ಅದು ಮುದ್ದೆಯಾಗಿ ಮಡಿಕೆಗಳಲ್ಲಿ ಕೂತು ಇನ್ನಷ್ಟು ಕಿರಿಕಿರಿ. ತಣ್ಣೀರ ಸ್ನಾನ, ಸಡಿಲ ಹತ್ತಿ ಬಟ್ಟೆ, ಫ್ಯಾನ್ ಗಾಳಿ, ಬೇಕಿದ್ದರೆ ಕ್ಯಾಲಮೈನ್ ಲೋಷನ್: ಇಷ್ಟಕ್ಕೇ ಸಾಮಾನ್ಯವಾಗಿ ಇಳಿಯುತ್ತದೆ. ಕೆಲವು ಬೆವರುಸಾಲೆ ಪೌಡರ್‌ಗಳಲ್ಲಿ ಬೋರಿಕ್ ಆಮ್ಲ, ಸ್ಯಾಲಿಸಿಲಿಕ್ ಆಮ್ಲ ಇರುತ್ತವೆ. ದೊಡ್ಡವರಿಗೆ ತಂದಿಟ್ಟ ಆ ಡಬ್ಬಿಯನ್ನು ಎಳೆಮಕ್ಕಳಿಗೆ ಬಳಸಬಾರದು.

ಮೆಕ್ಕೆಜೋಳದ ಪಿಷ್ಟದ ಪೌಡರ್ ಪೂರ್ತಿ ಸುರಕ್ಷಿತವೇ?

ಅಂಡಾಶಯದ ಕ್ಯಾನ್ಸರ್ ಜೊತೆ ಅದಕ್ಕೆ ಸಂಬಂಧ ಕಂಡುಬಂದಿಲ್ಲ, ಗಣಿಯಿಂದ ಬರುವುದಲ್ಲವಾದ್ದರಿಂದ ಆಸ್ಬೆಸ್ಟಾಸ್ ಭಯವೂ ಇಲ್ಲ. ಪೌಡರ್ ಬೇಕೇ ಬೇಕು ಎನ್ನುವವರಿಗೆ ಇದೇ ವಾಸಿ. ಆದರೆ ದೂಳು ದೂಳೇ. ಮಗುವಿನ ಎದೆಗೆ ಹೋದರೆ ಇದೂ ತೊಂದರೆ.

ಡಬ್ಬಿಯ ಮೇಲೆ ಏನು ನೋಡಿ ಕೊಳ್ಳಬೇಕು?

ಮುಂದಿನ ಚಿತ್ರ ಬಿಡಿ, ಹಿಂದಿನ ಸಣ್ಣಕ್ಷರ ಓದಿ. ಘಟಕಗಳ ಸಾಲಿನಲ್ಲಿ ‘ಟಾಲ್ಕ್’ ಇದ್ದರೆ ಸಾಮಾನ್ಯವಾಗಿ ಅದೇ ಮೊದಲ ಹೆಸರು, ಅಂದರೆ ಹೆಚ್ಚಿನ ಪಾಲು ಅದೇ. ಪಿಷ್ಟದ್ದಾದರೆ ‘ಕಾರ್ನ್ ಸ್ಟಾರ್ಚ್’ ಅಥವಾ ‘ಝಿಯಾ ಮೇಸ್’ ಎಂದಿರುತ್ತದೆ. ಬೇವು, ಗಂಧ, ಲಾವಂಚದ ಚಿತ್ರ ಹಾಕಿ ‘ಹರ್ಬಲ್’ ಎಂದು ಬರೆದ ಡಬ್ಬಿಯೊಳಗೂ ಟಾಲ್ಕ್ ಇರಬಹುದು. ಕಾಂಪ್ಯಾಕ್ಟ್, ಐಶ್ಯಾಡೊಗಳಲ್ಲೂ ಇರುತ್ತದೆ. ಅವು ಗಟ್ಟಿಯಾಗಿ ಒತ್ತಿದವು, ದೂಳು ಕಡಿಮೆ. ಹೆಸರಿಲ್ಲದ, ಬ್ಯಾಚ್ ಸಂಖ್ಯೆಯಿಲ್ಲದ ಅಗ್ಗದ ಮಕ್ಕಳ ಮೇಕಪ್ ಸೆಟ್ ಜಾತ್ರೆಯಲ್ಲಿ ಕಂಡರೆ ಕೊಳ್ಳಬೇಡಿ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಗೆ ಹುಡುಗಿಯರ ಅಂಗಡಿಯ ಹೆಸರಾಂತ ಮೇಕಪ್ ಸಾಮಾನಿನಲ್ಲೇ ಆಸ್ಬೆಸ್ಟಾಸ್ ಸಿಕ್ಕಿತ್ತು.

ನಾನು ನುಂಗುವ ಮಾತ್ರೆಯ ಪಟ್ಟಿಯಲ್ಲೂ ಟಾಲ್ಕ್ ಇದೆ!

ಇರುತ್ತದೆ. ಮಾತ್ರೆ ಅಚ್ಚಿಗೆ ಅಂಟದಿರಲಿ ಎಂದು ಶುದ್ಧೀಕರಿಸಿದ ಟಾಲ್ಕ್ ಚೂರು ಸೇರಿಸುತ್ತಾರೆ. ಅದು ಜೀರ್ಣವಾಗದೆ ಹಾಗೆಯೇ ಹೊರಗೆ ಹೋಗುತ್ತದೆ. ಔಷಧ ಬಿಡಬೇಡಿ.

ಇನ್ನೊಂದು ಸ್ವಾರಸ್ಯ: ಟಾಲ್ಕ್ ಉರಿಯೂತ ತರುತ್ತದೆ ಎಂಬುದನ್ನೇ ವೈದ್ಯರು ಉಪಯೋಗಕ್ಕೆ ಹಚ್ಚಿದ್ದಾರೆ. ಶ್ವಾಸಕೋಶದ ಸುತ್ತ ಮತ್ತೆ ಮತ್ತೆ ನೀರು ತುಂಬುವವರಿಗೆ, ಸೋಂಕುರಹಿತ ಟಾಲ್ಕನ್ನು ಆ ಜಾಗಕ್ಕೆ ಹಾಕಿ ಎರಡು ಪೊರೆಗಳೂ ಅಂಟಿಕೊಳ್ಳುವಂತೆ ಮಾಡುತ್ತಾರೆ. 1935ರಲ್ಲಿ ಕೆನಡಾದ ನಾರ್ಮನ್ ಬೆಥ್ಯೂನ್ ಶುರುಮಾಡಿದ ಚಿಕಿತ್ಸೆ ಇಂದಿಗೂ ನಡೆಯುತ್ತಿದೆ.

ಮನೆಯಲ್ಲಿ ಎರಡು ಡಬ್ಬಿ ಉಳಿದಿವೆ. ಎಸೆಯಲೇ?

ದೊಡ್ಡವರು ಕುತ್ತಿಗೆ, ಬೆನ್ನಿಗೆ ಬಳಸಿ ಮುಗಿಸುವುದಾದರೆ ಮುಗಿಸಿ. ಮಕ್ಕಳಿರುವ ಮನೆಯಾದರೆ ಕೈಗೆಟುಕದ ಕಪಾಟಿಗೆ ಸೇರಿಸಿ, ಮುಚ್ಚಳದ ತೂತುಗಳನ್ನು ತಿರುಗಿಸಿ ಮುಚ್ಚಿಡಿ. ಎಸೆಯುವುದಾದರೆ ಪುಡಿಯನ್ನು ಸುರಿಯದೆ ಡಬ್ಬಿ ಸಮೇತ ಕವರಿನಲ್ಲಿ ಕಟ್ಟಿ ಒಣ ಕಸಕ್ಕೆ ಹಾಕಿ. ಬೆಳಿಗ್ಗೆ ಕಸದ ಗಾಡಿಯಲ್ಲಿ ಅದನ್ನು ವಿಂಗಡಿಸುವವರಿಗೂ ಮೂಗಿದೆ.